ಹೊಸ ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಹಿರಿಯರು ವಾಕಿಂಗ್ ಹೋಗಬಹುದೇ?

ಪ್ರಶ್ನೆ: 2020ರ ಮಾರ್ಚ್‌ನಲ್ಲಿ ನಮ್ಮ ತಂದೆಗೆ 71 ವರ್ಷ. ಸಕ್ಕರೆ ಕಾಯಿಲೆ ಇತ್ತು, ಆದರೂ ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಗಂಟೆ ನಡೆಯುತ್ತಿದ್ದರು, ಗಟ್ಟಿಮುಟ್ಟಾಗಿದ್ದರು. ಲಾಕ್‌ಡೌನ್ ಬಂದಾಗ ನಾವೇ ಗೇಟಿಗೆ ಬೀಗ ಹಾಕಿ ಮನೆಯಲ್ಲಿ ಕೂರಿಸಿದೆವು. ಪಾರ್ಕ್ ತೆರೆದ ಮೇಲೂ ಹೆದರಿಕೆಯಿಂದ ಆ ವರ್ಷವೆಲ್ಲ ಕಳಿಸಲಿಲ್ಲ. ಅವರಿಗೆ ಕೊರೊನಾ ಬರಲಿಲ್ಲ. ಆದರೆ ಕಾಲಿನ ಶಕ್ತಿ ಹೋಯಿತು, ಸಕ್ಕರೆ ಏರಿತು, ಮರುವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಈಗ 76. ಕೋಲು ಹಿಡಿದು ಮನೆಯೊಳಗಷ್ಟೇ ಓಡಾಡುತ್ತಾರೆ. ಅಣ್ಣ ‘ಜೀವ ಉಳಿಯಿತಲ್ಲ, ಅಷ್ಟು ಸಾಕು’ ಅನ್ನುತ್ತಾನೆ. ನನಗೆ ಸಮಾಧಾನವಿಲ್ಲ. ಮುಂದೆ ಇಂಥ ರೋಗ ಬಂದರೆ, ಯಾರಿಗೂ ಏನೂ ಸರಿಯಾಗಿ ಗೊತ್ತಿರದ ಆ ಮೊದಲ ವಾರಗಳಲ್ಲಿ, ಮನೆಯ ಹಿರಿಯರನ್ನು ವಾಕಿಂಗ್‌ಗೆ ಕಳಿಸಬಹುದೇ? ಹೇಗೆ ನಿರ್ಧಾರ ಮಾಡುವುದು?
(ಓದುಗರು, ಬೆಂಗಳೂರು)

ಉತ್ತರ:

ಕಳಿಸಬಹುದು. ಉಸಿರಿನಿಂದ ಹರಡುವ ರೋಗವಾದರೆ, ಸರ್ಕಾರದ ಆದೇಶ ಅಡ್ಡಿಯಾಗದಿದ್ದರೆ, ಜನಸಂದಣಿ ಇಲ್ಲದ ಬಯಲಿನಲ್ಲಿ ಒಬ್ಬರೇ ಅಥವಾ ಮನೆಯವರ ಜೊತೆ ನಡೆಯುವುದನ್ನು ಮೊದಲ ದಿನವೂ ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಬೇಕಾದದ್ದು ನಾಲ್ಕು ಗೋಡೆಯೊಳಗೆ ಹೊರಗಿನವರ ಜೊತೆ ಕೂರುವುದನ್ನು. 2020ರಲ್ಲಿ ನಾವು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆವು. ಅದರ ಬೆಲೆಯನ್ನು ನಿಮ್ಮ ತಂದೆಯವರಂಥ ಅನೇಕರು ತೆತ್ತರು. ಮೂರು ದಶಕಗಳಿಂದ ಸಮುದಾಯ ಆರೋಗ್ಯದ ಕೆಲಸದಲ್ಲಿರುವ ನನಗೆ ಆ ವರ್ಷದ ಬಗ್ಗೆ ಇಂದಿಗೂ ತುಂಬ ಕಾಡುವ ವಿಷಯ ಇದು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲಿಗೆ ನಿಮ್ಮ ಮನಸ್ಸಿನ ಭಾರದ ಮಾತು. ಗೇಟಿಗೆ ಬೀಗ ಹಾಕಿದ್ದು ನಿಮ್ಮ ತಪ್ಪಲ್ಲ. ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಮಾರ್ಚ್ 9ಕ್ಕೆ ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ ಖಚಿತವಾಯಿತು. 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರ ಸಾವಿಗೆ ಕೊರೊನಾ ಕಾರಣವೆಂದು 12ರಂದು ತಿಳಿಯಿತು, ದೇಶದ ಮೊದಲ ಕೊರೊನಾ ಸಾವು ಅದು. 14ರಿಂದ ಮಾಲು, ಸಿನಿಮಾ ಮಂದಿರ, ಕಾಲೇಜು ಎಲ್ಲ ಬಂದ್. 22ಕ್ಕೆ ಜನತಾ ಕರ್ಫ್ಯೂ. 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ನಿಮ್ಮ ಮನೆ ಬಾಗಿಲಿಗೆ ಲಕ್ಷ್ಮಣರೇಖೆ ಎಳೆದಿದೆ ಎಂದು ತಿಳಿಯಿರಿ ಅಂದರು. ಕಲಬುರಗಿಯ ಹಿರಿಯರ ವಯಸ್ಸು ನಿಮ್ಮ ತಂದೆಯ ವಯಸ್ಸಿಗೆ ಎಷ್ಟು ಹತ್ತಿರ! ಸಕ್ಕರೆ ಕಾಯಿಲೆ ಇದ್ದವರಿಗೆ ರೋಗ ತೀವ್ರವಾಗುತ್ತದೆ ಎಂಬುದೂ ಆಗಲೇ ಚೀನಾದಿಂದ ಬಂದ ವರದಿಗಳಲ್ಲಿತ್ತು. ಆ ರಾತ್ರಿ ಯಾವ ಮಗಳು ತಾನೇ ಅಪ್ಪನನ್ನು ಮನೆಯಿಂದ ಹೊರಗೆ ಬಿಟ್ಟಾಳು? ಪ್ರೀತಿಯಿಂದ, ಸರ್ಕಾರದ ಮಾತು ಕೇಳಿ ಮಾಡಿದ ಕೆಲಸ ಅದು. ಕೊರತೆ ಇದ್ದದ್ದು ನಿಮಗೆ ಸಿಕ್ಕ ಸಲಹೆಯಲ್ಲಿ.

ಯಾವ ಕೊರತೆ ಎಂದು ತಿಳಿಯಲು ಈ ವೈರಸ್ ಹೇಗೆ ಹರಡುತ್ತದೆಂಬ ವಿಚಾರ ಆಗ ಹೇಗಿತ್ತು ಎಂದು ನೋಡಬೇಕು. ಕೆಮ್ಮಿದಾಗ, ಸೀನಿದಾಗ ಹಾರುವ ದಪ್ಪ ಹನಿಗಳಿಂದ ರೋಗ ಬರುತ್ತದೆ, ಆ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ, ಬಿದ್ದ ಜಾಗವನ್ನು ಮುಟ್ಟಿ ಮುಖ ಮುಟ್ಟಿಕೊಂಡರೂ ಸೋಂಕು ತಗಲುತ್ತದೆ ಎನ್ನುವುದು ಅಧಿಕೃತ ನಿಲುವು. ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ‘ಇದು ಗಾಳಿಯಲ್ಲಿ ಹರಡುವ ರೋಗವಲ್ಲ’ ಎಂದು ಖಡಾಖಂಡಿತವಾಗಿ ಪ್ರಕಟಿಸಿತ್ತು. ಅದೇ ತಿಂಗಳು ಅಮೆರಿಕದ ಪ್ರಯೋಗಾಲಯವೊಂದರ ಅಧ್ಯಯನ ಪ್ರಕಟವಾಯಿತು. ಪ್ಲಾಸ್ಟಿಕ್ಕಿನ ಮೇಲೆ ವೈರಸ್ 72 ಗಂಟೆವರೆಗೂ, ರಟ್ಟಿನ ಮೇಲೆ 24 ಗಂಟೆವರೆಗೂ ಉಳಿಯಬಲ್ಲದು ಎಂದು ಅದರಲ್ಲಿತ್ತು. ಅಲ್ಲಿಂದ ನಂದಿನಿ ಹಾಲಿನ ಪ್ಯಾಕೆಟ್‌ಗೆ ಸೋಪು ಹಚ್ಚುವುದು ಶುರುವಾಯಿತು, ಪಾರ್ಕಿನ ಕಲ್ಲುಬೆಂಚಿಗೆ, ಓಪನ್ ಜಿಮ್‌ಗೆ ಹಗ್ಗ ಕಟ್ಟುವುದೂ ಶುರುವಾಯಿತು. ಪ್ರಯೋಗಾಲಯದಲ್ಲಿ ಹಾಕಿದಷ್ಟು ವೈರಸ್ ನಿಜವಾದ ಬೆಂಚಿನ ಮೇಲೆ ಬಿಸಿಲು ಗಾಳಿಯಲ್ಲಿ ಉಳಿಯುವುದಿಲ್ಲ. ಹೀಗೆ ವಸ್ತು ಮುಟ್ಟಿ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ವರ್ಷ ಕಳೆದಿತ್ತು.

ಆದರೆ ಬೇರೆ ಥರದ ಸಾಕ್ಷ್ಯ ಮೊದಲೇ ಬರತೊಡಗಿತ್ತು. ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಒಂದು ಹೋಟೆಲಿನಲ್ಲಿ, ಚೀನೀ ಹೊಸ ವರ್ಷದ ಮುನ್ನಾದಿನ ಪಕ್ಕಪಕ್ಕದ ಮೂರು ಮೇಜಿನಲ್ಲಿ ಕೂತು ಉಂಡ ಮೂರು ಕುಟುಂಬಗಳ 10 ಮಂದಿಗೆ ರೋಗ ಬಂತು. ಏಸಿಯ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಮಾರ್ಚ್ 10ರ ಸಂಜೆ 61 ಜನ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ 53 ಜನಕ್ಕೆ ಸೋಂಕು ಖಚಿತವಾಯಿತು ಅಥವಾ ಅದರ ಲಕ್ಷಣ ಕಂಡಿತು. ಚೀನಾದ 318 ಸೋಂಕಿನ ಗುಂಪುಗಳನ್ನು ಪರಿಶೀಲಿಸಿದ ಒಂದು ವರದಿ ಏಪ್ರಿಲ್ ಆರಂಭದಲ್ಲೇ ಹೊರಬಂತು. ಅಷ್ಟರಲ್ಲಿ ಹೊರಾಂಗಣದಲ್ಲಿ ಹುಟ್ಟಿದ್ದು ಒಂದೇ ಒಂದು ಗುಂಪು, ಅದರಲ್ಲಿದ್ದದ್ದು ಇಬ್ಬರು. ಉಳಿದದ್ದೆಲ್ಲ ಮನೆಯೊಳಗೆ, ಬಸ್ಸು ರೈಲಿನೊಳಗೆ, ಅಂಗಡಿ ಹೋಟೆಲಿನೊಳಗೆ. ಆ ಹೊತ್ತಿಗೆ ಚೀನಾದಲ್ಲಿ ಜನ ಹೊರಗೆ ಕಡಿಮೆ ಓಡಾಡುತ್ತಿದ್ದರು, ಹೊರಗೆ ತಗಲಿದ್ದನ್ನು ಪತ್ತೆ ಹಚ್ಚುವುದೂ ಕಷ್ಟ. ಹಾಗೆಂದು ಎಷ್ಟೇ ರಿಯಾಯಿತಿ ಕೊಟ್ಟರೂ 318ರಲ್ಲಿ 1 ಎನ್ನುವ ಅಂತರ ಮುಚ್ಚಿಹೋಗುವುದಿಲ್ಲ.

ಕಾರಣ ಸರಳ. ನಾವು ಮಾತಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಹೊರಬರುತ್ತದೆ. ಅದು ನೆಲಕ್ಕೆ ಬೀಳದೆ ತೇಲುತ್ತದೆ. ಬಾಗಿಲು ಹಾಕಿದ ದೇವರ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿದರೆ ಹತ್ತು ನಿಮಿಷದಲ್ಲಿ ಮೂಲೆಮೂಲೆಗೂ ಹೊಗೆ ಕಟ್ಟುತ್ತದೆ. ಅದೇ ಊದುಬತ್ತಿಯನ್ನು ಅಂಗಳದ ತುಳಸಿಕಟ್ಟೆಯಲ್ಲಿ ಹಚ್ಚಿದರೆ ನಾಲ್ಕು ಹೆಜ್ಜೆ ಆಚೆಗೆ ಪರಿಮಳವೂ ಸಿಗುವುದಿಲ್ಲ. ಉಸಿರೂ ಹೀಗೆಯೇ. ಇದರ ಮೇಲೆ ಹಗಲಿನ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಗಾಳಿಯಲ್ಲಿ ತೇಲುವ ಈ ವೈರಸ್ಸನ್ನು ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯ ಮಾಡುತ್ತದೆ. 2020ರ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ರೋಗ ಗಾಳಿಯಲ್ಲೂ ಹರಡುತ್ತದೆಂದು ಒಪ್ಪಿಕೊಳ್ಳಿ, ಕಿಟಕಿ ತೆರೆಯಲು ಜನರಿಗೆ ಹೇಳಿ ಎಂದು ಒತ್ತಾಯಿಸಿದರು.

ಇಲ್ಲೊಂದು ದುರಂತ ನಡೆಯಿತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಗಾಳಿಯಲ್ಲಿ ಹರಡುತ್ತದಂತೆ’ ಎಂಬ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಜನ ಕಿಟಕಿ ಮುಚ್ಚಿದರು. ಬೀದಿಯ ಗಾಳಿಯಲ್ಲೇ ರೋಗ ತುಂಬಿದೆ ಎಂದು ಭಾವಿಸಿದರು. ಬೀದಿಯ ಗಾಳಿಯಲ್ಲಿ ರೋಗ ಇರಲಿಲ್ಲ. ಸೋಂಕಿತ ಮನುಷ್ಯನ ಉಸಿರು ಎಲ್ಲಿ ಕಟ್ಟಿಕೊಂಡು ನಿಲ್ಲುತ್ತದೋ ಅಲ್ಲಿ ಇತ್ತು. ಒಬ್ಬರಿಗೆ ಜ್ವರ ಬಂದ ಮನೆಯಲ್ಲಿ ಕಿಟಕಿ ಮುಚ್ಚಿ ಐದು ಜನ ಒಟ್ಟಿಗೆ ಕೂತರೆ ಐವರಿಗೂ ಬರಬಹುದು. ಹೀಗೇ ಆದ ಎಷ್ಟು ಮನೆಗಳನ್ನು ನೋಡಿದ್ದೇವೆ!

ಏಪ್ರಿಲ್‌ನಲ್ಲಿ ವಾಟ್ಸಾಪ್‌ನಲ್ಲಿ ಸುತ್ತಿದ ಒಂದು ಬಣ್ಣದ ಚಿತ್ರ ನಿಮಗೂ ಬಂದಿರಬಹುದು. ಓಡುವವನ ಹಿಂದೆ ಕೆಂಪು ಹಳದಿ ಚುಕ್ಕೆಗಳ ಬಾಲ, ವೇಗವಾಗಿ ನಡೆಯುವವರು ಮುಂದಿನವರಿಂದ ಐದು ಮೀಟರ್, ಓಡುವವರು ಹತ್ತು ಮೀಟರ್ ದೂರ ಇರಬೇಕು ಎಂಬ ಸಂದೇಶ. ಬೆಲ್ಜಿಯಂ, ನೆದರ್ಲೆಂಡ್ಸ್‌ನ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ ಅದು. ಹನಿ ಎಲ್ಲಿಗೆ ಹಾರುತ್ತದೆ ಎಂಬುದಷ್ಟೇ ಅದರಲ್ಲಿತ್ತು, ಅದರಿಂದ ರೋಗ ತಗಲುತ್ತದೆಯೇ ಎಂಬುದನ್ನು ಅವರು ಪರೀಕ್ಷಿಸಿರಲಿಲ್ಲ. ಬೇರೆ ವಿಜ್ಞಾನಿಗಳು ಪರಿಶೀಲಿಸುವ ಮೊದಲೇ ಚಿತ್ರ ಊರೂರು ತಲುಪಿತು. ವಾಕಿಂಗ್ ಮಾಡುವವರೆಂದರೆ ರೋಗ ಹಂಚುವವರು ಎಂಬ ನೋಟ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಬೇರೂರಿತು. ಪಕ್ಕದಲ್ಲಿ ಹಾದುಹೋಗುವ ಒಂದೆರಡು ಸೆಕೆಂಡಿನಲ್ಲಿ ಸೋಂಕು ತಗಲುವಷ್ಟು ವೈರಸ್ ಒಳಗೆ ಹೋಗುವುದು ತೀರ ಅಪರೂಪ. ಆ ಮಾತನ್ನು ಅಷ್ಟೇ ಬಣ್ಣದ ಚಿತ್ರ ಮಾಡಿ ಯಾರೂ ಹಂಚಲಿಲ್ಲ.

ಹಾಗಾದರೆ ಪಾರ್ಕ್ ಮುಚ್ಚಿದ್ದು ತಪ್ಪೇ? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ಮೊದಲ ಮೂರು ವಾರ ಮುಚ್ಚಿದ್ದನ್ನು ನಾನು ಸಮರ್ಥಿಸುತ್ತೇನೆ. ಪರೀಕ್ಷೆಯ ಕಿಟ್ ಕಡಿಮೆ ಇತ್ತು, ರೋಗ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಆಸ್ಪತ್ರೆಗಳಲ್ಲಿ ಆಕ್ಸಿಜನ್ ಹಾಸಿಗೆ ಸಜ್ಜಾಗಬೇಕಿತ್ತು. ಪೊಲೀಸರಿಗೆ ಕೊಡುವ ಆದೇಶ ಸರಳವಾಗಿರಬೇಕು. ಇವನು ವಾಕಿಂಗ್ ಹೊರಟವನೋ, ಗೆಳೆಯನ ಮನೆಗೆ ಹೊರಟವನೋ ಎಂದು ಪ್ರತಿ ತಿರುವಿನಲ್ಲೂ ವಿಚಾರಿಸುತ್ತಾ ಕೂರಲು ಆಗುವುದಿಲ್ಲ. ನಮ್ಮ ಊರುಗಳ ಇಕ್ಕಟ್ಟೂ ಬೇರೆ. ಇಂಗ್ಲೆಂಡಿನಲ್ಲಿ ಮಾರ್ಚ್ 23ರ ಆದೇಶದಲ್ಲೇ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಲು ಅವಕಾಶ ಇತ್ತು. ಫ್ರಾನ್ಸ್‌ನಲ್ಲಿ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು, ಮನೆಯಿಂದ ಒಂದು ಕಿಲೋಮೀಟರಿನೊಳಗೆ ಒಂದು ಗಂಟೆ ನಡೆಯಬಹುದಿತ್ತು. ಸ್ಪೇನ್ ಮಾತ್ರ ನಮ್ಮಂತೆಯೇ ಬಿಗಿಯಾಗಿ ಮುಚ್ಚಿತು. ಅಲ್ಲಿ ಮಕ್ಕಳನ್ನು ಏಪ್ರಿಲ್ 26ರಂದು, ವಾಕಿಂಗ್ ಮಾಡುವ ದೊಡ್ಡವರನ್ನು ಮೇ 2ರಂದು ಹೊರಗೆ ಬಿಟ್ಟರು.

ನಾನು ಸಮರ್ಥಿಸದಿರುವುದು ಏಪ್ರಿಲ್ 14ರ ನಂತರದ್ದನ್ನು. ಆ ಹೊತ್ತಿಗೆ ನಮ್ಮ ಆಡಳಿತಕ್ಕೇ ಬಯಲಿನ ಬೆಲೆ ಗೊತ್ತಾಗಿತ್ತು. ಹಲವು ಊರುಗಳಲ್ಲಿ ತರಕಾರಿ ಮಾರುಕಟ್ಟೆಯನ್ನು ಇಕ್ಕಟ್ಟಿನ ಬೀದಿಯಿಂದ ಎತ್ತಿ ಮೈದಾನಕ್ಕೆ ಸಾಗಿಸಿದ್ದರು, ನೆಲದ ಮೇಲೆ ಸುಣ್ಣದಲ್ಲಿ ಚೌಕ ಬರೆದು ಜನರನ್ನು ನಿಲ್ಲಿಸಿದ್ದರು. ತುಂಬ ಒಳ್ಳೆಯ ಕೆಲಸ. ಟೊಮೆಟೊ ಕೊಳ್ಳಲು ಬಯಲು ಸುರಕ್ಷಿತ ಎಂದ ಮೇಲೆ ನಡೆಯಲು ಯಾಕೆ ಅಲ್ಲ? ಲಾಲ್‌ಬಾಗ್ 240 ಎಕರೆ, ಹೆಚ್ಚುಕಡಿಮೆ 9.7 ಲಕ್ಷ ಚದರ ಮೀಟರ್. ಕೆರೆ, ಬಂಡೆ, ಗಿಡದ ಪಾತಿಗಳನ್ನೆಲ್ಲ ಬಿಟ್ಟು ಅರ್ಧವೇ ಲೆಕ್ಕ ಹಿಡಿದರೂ, ಒಂದೇ ಹೊತ್ತಿಗೆ ಸಾವಿರ ಜನ ನಡೆದರೆ ತಲೆಗೆ ನಾನೂರೈವತ್ತಕ್ಕೂ ಹೆಚ್ಚು ಚದರ ಮೀಟರ್ ಸಿಗುತ್ತದೆ. ಕಿರಾಣಿ ಅಂಗಡಿಯ ಮುಂದೆ ಅದರ ನೂರರಲ್ಲಿ ಒಂದು ಪಾಲೂ ಸಿಗುತ್ತಿರಲಿಲ್ಲ.

ಮೇ 19ರಿಂದ ರಾಜ್ಯದಲ್ಲಿ ಪಾರ್ಕುಗಳು ತೆರೆದವು. ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ತೆರೆದದ್ದು ಸರಿ, ಆದರೆ ಇಡೀ ದಿನದ ಜನರನ್ನು ನಾಲ್ಕು ಗಂಟೆಯೊಳಗೆ ತುರುಕಿದರೆ ಗುಂಪು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಸಾರ್ವಜನಿಕ ಜಾಗವನ್ನು ಹೆಚ್ಚು ಹೊತ್ತು ತೆರೆದಿಡಬೇಕು, ಗೇಟುಗಳನ್ನೆಲ್ಲ ತೆರೆದಿಡಬೇಕು. 2021ರ ಎರಡನೇ ಅಲೆಯ ನಂತರ, ಜೂನ್ 14ರಿಂದ, ವಾಕಿಂಗ್‌ಗೆ ಬೆಳಿಗ್ಗೆ 5ರಿಂದ 10ರವರೆಗೆ ಬಿಟ್ಟರು. ಆಗ ಬೆಳಗಿನ ಜನ ಐದು ಗಂಟೆಯ ಮೇಲೆ ಹರಡಿಕೊಂಡರು. ಅಷ್ಟಾದರೂ ಪಾಠ ಕಲಿತಂತಾಯಿತು.

ಇನ್ನು ಹಿರಿಯರ ವಿಷಯ. 2020ರ ಮೇ 1ರ ಕೇಂದ್ರದ ಆದೇಶದಲ್ಲಿ 65 ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಎಂದಿತ್ತು. ಅಗತ್ಯ ಕೆಲಸ ಮತ್ತು ಆರೋಗ್ಯದ ಕಾರಣಕ್ಕೆ ಹೊರಗೆ ಹೋಗಬಹುದು ಎಂಬ ವಿನಾಯಿತಿ ಅದೇ ಸಾಲಿನಲ್ಲಿತ್ತು. ಸಕ್ಕರೆ ಕಾಯಿಲೆಯವರ ಬೆಳಗಿನ ನಡಿಗೆ ಆರೋಗ್ಯದ ಕಾರಣವಲ್ಲದೆ ಮತ್ತೇನು? ವೈದ್ಯರಾದ ನಾವು ಆ ಸಾಲನ್ನು ಎತ್ತಿ ತೋರಿಸಬೇಕಿತ್ತು. ಮಾತ್ರೆಯಂತೆ ನಡಿಗೆಯನ್ನೂ ಚೀಟಿಯಲ್ಲಿ ಬರೆದು ಕೊಡಬೇಕಿತ್ತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಹಿರಿಯರ ದೇಹ ಸುಮ್ಮನೆ ಕೂತಿದ್ದಕ್ಕೆ ತೆರುವ ದಂಡ ನಾವು ಅಂದುಕೊಂಡದ್ದಕ್ಕಿಂತ ತುಂಬ ದೊಡ್ಡದು. ಅರವತ್ತೈದು ಎಪ್ಪತ್ತರ ಆಸುಪಾಸಿನ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ಅಳೆದು ನೋಡಿದ ಅಧ್ಯಯನ ಒಂದಿದೆ. ಆ ಹತ್ತು ದಿನದಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ನಿಮ್ಮ ತಂದೆ ಹಾಸಿಗೆ ಹಿಡಿದಿರಲಿಲ್ಲ, ನಿಜ. ಸೋಫಾದಿಂದ ಊಟದ ಮೇಜಿಗೆ, ಅಲ್ಲಿಂದ ಬಚ್ಚಲಿಗೆ ಓಡಾಡುತ್ತಿದ್ದರು. ನಷ್ಟ ನಿಧಾನವಾಗಿ ಆಯಿತು, ಆದರೆ ತಿಂಗಳುಗಟ್ಟಲೆ ಆಯಿತು. ತೊಡೆಯ ಖಂಡ ನಮ್ಮ ದೇಹದಲ್ಲಿ ಸಕ್ಕರೆಯನ್ನು ಹೆಚ್ಚು ಹೀರಿ ಬಳಸುವ ಜಾಗಗಳಲ್ಲೊಂದು. ಅದು ಕರಗಿದರೆ ಅದೇ ಮಾತ್ರೆ, ಅದೇ ಮುದ್ದೆ ಅನ್ನಕ್ಕೂ ಸಕ್ಕರೆ ಏರುತ್ತದೆ. ಬಿಸಿಲು ತಪ್ಪಿ ವಿಟಮಿನ್ ಡಿ ಕಡಿಮೆಯಾದರೆ ಮೂಳೆಯೂ ಸೊರಗುತ್ತದೆ. ಏರುಪೇರಿನ ನೆಲದಲ್ಲಿ ನಡೆಯುವ ಅಭ್ಯಾಸ ಬಿಟ್ಟರೆ ಜಾರಿದಾಗ ಹೆಜ್ಜೆ ಸಾವರಿಸಿಕೊಳ್ಳುವ ಚುರುಕು ಹೋಗುತ್ತದೆ. ಒದ್ದೆ ಬಚ್ಚಲಿನಲ್ಲಿ ಬೇಕಾಗುವುದು ಆ ಚುರುಕೇ. ನಿಮ್ಮ ಅಣ್ಣನಿಗೆ ಇದನ್ನು ಜಗಳವಾಗಿ ಅಲ್ಲ, ವಿಷಯವಾಗಿ ತಿಳಿಸಿ. ‘ಜೀವ ಉಳಿಯಿತು’ ಎನ್ನುವುದು ನಿಜ. ಸೊಂಟದ ಮೂಳೆ ಮುರಿಯುವುದೂ ಆ ವಯಸ್ಸಿನಲ್ಲಿ ಜೀವಕ್ಕೇ ಕುತ್ತು ತರುವಂಥದ್ದು. ಎರಡೂ ಅಪಾಯವನ್ನು ಒಟ್ಟಿಗೆ ತೂಗಬೇಕಿತ್ತು.

ಲಾಲ್‌ಬಾಗ್ ಬೇಡ, ಮನೆಯ ತಾರಸಿಯಲ್ಲಿ ನಡೆಯಬಹುದಿತ್ತಲ್ಲ ಎಂದು ಅನೇಕರು ಕೇಳುತ್ತಾರೆ. ಸ್ವಂತ ಮನೆ, ಗಟ್ಟಿ ಕಾಲು ಇದ್ದವರಿಗೆ ಅದು ಒಳ್ಳೆಯ ದಾರಿ, ಎಷ್ಟೋ ಮಂದಿ ಹಾಗೆ ಆರೋಗ್ಯ ಉಳಿಸಿಕೊಂಡರು. ಆದರೆ ವಠಾರದ ಒಂದೇ ಕೋಣೆಯಲ್ಲಿ ಆರು ಜನ ಇದ್ದ ಮನೆಗಳಿಗೆ ತಾರಸಿ ಎಲ್ಲಿಂದ ಬರಬೇಕು? ಪಾದರಾಯನಪುರ, ಬಾಪೂಜಿನಗರಗಳನ್ನು ಏಪ್ರಿಲ್‌ನಲ್ಲಿ ಸೀಲ್‌ಡೌನ್ ಮಾಡಿದಾಗ ಅಂಥ ಮನೆಗಳಲ್ಲಿದ್ದವರಿಗೆ ಬೀದಿಯೇ ಕಿಟಕಿ, ಬೀದಿಯೇ ಅಂಗಳ. ಅವರಿಗೆ ‘ಒಳಗಿರಿ’ ಎಂದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಇಡೀ ದಿನ ಉಸಿರಾಡಿ ಎಂದಂತೆ. ಮತ್ತೊಂದು ಕಡೆ, ಪಾರ್ಕಿಗೆ ಹೋಗಬೇಡಿ ಎನ್ನುತ್ತಿದ್ದ ದಿನಗಳಲ್ಲೇ, ಕೂಲಿ ನಿಂತುಹೋದ ಕಾರ್ಮಿಕರು ಮಕ್ಕಳನ್ನು ಹೆಗಲಿಗೇರಿಸಿಕೊಂಡು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆ ನಡೆದೇ ಹೊರಟಿದ್ದರು. ಆ ವರ್ಷದ ನಡಿಗೆಯ ಬಗ್ಗೆ ಬರೆಯುವಾಗ ಅವರನ್ನು ಬಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ.

ನಮ್ಮ ಹಿರಿಯರಿಗೆ ಸಾಂಕ್ರಾಮಿಕ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪೇಟೆಯ ಮನೆ ಬಿಟ್ಟು ಹೊರವಲಯದಲ್ಲಿ ಶೆಡ್ಡು, ಗುಡಿಸಲು ಹಾಕಿಕೊಂಡರು. ಹಳ್ಳಿಗಳಲ್ಲಂತೂ ಇಲಿ ಬಿತ್ತೆಂದರೆ ಊರಿಗೆ ಊರೇ ಹೊಲಕ್ಕೆ ಬೀಡು ಬದಲಿಸುತ್ತಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಮನೆಮನೆಗೂ ಗಾಳಿ ಬೆಳಕು ಎಂದು ಬೆಳೆದದ್ದು ಆ ಪ್ಲೇಗಿನ ನಂತರ. ಮೈಸೂರಿನಲ್ಲಿ 1903ರಲ್ಲಿ ನಗರ ಅಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿದ್ದಕ್ಕೂ ಪ್ಲೇಗೇ ಪ್ರೇರಣೆ. ಪ್ಲೇಗ್ ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ, ಆದ್ದರಿಂದ ಮನೆ ಬಿಟ್ಟದ್ದೇ ಸರಿಯಾದ ಮದ್ದಾಯಿತು. ಕೊರೊನಾದ ದಾರಿ ಬೇರೆ. ಆದರೆ ನೋಡಿ, ಅದೇ ಪ್ಲೇಗಿನ ಕಾಲದಲ್ಲಿ, 1897ರಲ್ಲಿ, ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ನಾವು 2020ರಲ್ಲೂ ಬಳಸಿದೆವು. ಗಾಳಿ ಬೆಳಕಿನ ಪಾಠವನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟೆವು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಏನೂ ಗೊತ್ತಿಲ್ಲದ ಮೊದಲ ವಾರಗಳಲ್ಲಿ ನಿರ್ಧಾರ ಹೇಗೆ? ಹೊಸ ರೋಗದ ಸುದ್ದಿ ಬಂದಾಗ ಎಷ್ಟು ಜನ ಸತ್ತರು ಎಂಬುದಕ್ಕಿಂತ ಮೊದಲು, ಅದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಕೇಳಿ. ಹೊರಗಿನ ಗಾಳಿ ಎಲ್ಲ ರೋಗಕ್ಕೂ ಮಿತ್ರನಲ್ಲ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗು ಕಚ್ಚಿ ಬರುತ್ತದೆ. ಅದರ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ತನಕ, ಸೊಪ್ಪು ಸೌದೆಗೆಂದು ಕಾಡಿಗೆ ಹೋಗುವುದೇ ಅಪಾಯ, ಮನೆಯಲ್ಲಿರುವುದೇ ಕ್ಷೇಮ. ಡೆಂಗಿಯಾದರೆ ಹಗಲು ಕಚ್ಚುವ ಸೊಳ್ಳೆಯ ಲೆಕ್ಕ ಬೇರೆ, ಕಾಲರಾ ಆದರೆ ನೀರಿನ ಲೆಕ್ಕ. ಉಸಿರಿನ ರೋಗ ಎಂದು ಗೊತ್ತಾದರೆ, ಜನ ಎಲ್ಲಿ ಸೇರಿದಾಗ ರೋಗ ಹಬ್ಬಿತು ಎಂಬ ವರದಿಗಳನ್ನು ಗಮನಿಸಿ. ಮದುವೆ, ಬಸ್ಸು, ಆಸ್ಪತ್ರೆ, ಹಾಸ್ಟೆಲ್ ಎಂದೇ ಬರುತ್ತಿದ್ದು ಮೈದಾನ, ಹೊಲ, ಕೆರೆ ಏರಿ ಎಂದು ಎಲ್ಲೂ ಬರದಿದ್ದರೆ ಅದರಲ್ಲೇ ಉತ್ತರವಿದೆ. ಈ ವಿವರ ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ ಸಿಗುತ್ತದೆ. ಅದು ಸಿಗುವ ತನಕ ಹೊರಗೆ ಹೋಗಬಾರದೆಂಬ ಆದೇಶ ಇದ್ದರೆ ಪಾಲಿಸಿ, ತಾರಸಿ, ವರಾಂಡ, ಗೇಟಿನ ಒಳಗಿನ ಜಾಗ ಬಳಸಿ. ಅಷ್ಟು ದಿನವೂ ಕಾಲು ನಿಲ್ಲಬಾರದು. ಅಪ್ಪನನ್ನು ಗೋಡೆ ಹಿಡಿದು ಹಿಮ್ಮಡಿ ಎತ್ತಿಸಿ, ಕುರ್ಚಿಯಿಂದ ಏಳಿಸಿ ಕೂರಿಸಿ.

ಹೊರಗೆ ಹೋಗಲು ಅನುಮತಿ ಇದ್ದಾಗ ಮಾರ್ಗ ಆರಿಸುವುದರಲ್ಲಿ ಜಾಣತನ ಬೇಕು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಪಾರ್ಕಿಗಿಂತ ಲಿಫ್ಟ್ ಹೆಚ್ಚು ಅಪಾಯ. ಅಲ್ಲಿ ಮಾಸ್ಕ್ ಬೇಕೇ ಬೇಕು, ಯಾರಾದರೂ ಒಳಗಿದ್ದರೆ ಮುಂದಿನ ಸರದಿಗೆ ಕಾಯಿರಿ, ಕೆಳಗಿನ ಮಹಡಿಯವರು ಮೆಟ್ಟಿಲು ಬಳಸಲಿ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಎಲ್ಲರೂ ಬರುವ ಹೊತ್ತು. ಬಿಸಿಲು ತಡೆಯುವ ಶಕ್ತಿ ಇದ್ದರೆ ಒಂಬತ್ತರ ನಂತರ ಹೋಗಿ, ಜನವೂ ಕಡಿಮೆ, ಬೆಳಕೂ ಹೆಚ್ಚು. ಪಾರ್ಕಿನ ಕಾಲುದಾರಿಯಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುವುದಕ್ಕಿಂತ ನಿಮ್ಮ ಬಡಾವಣೆಯ ಖಾಲಿ ಅಡ್ಡರಸ್ತೆ ಎಷ್ಟೋ ಮೇಲು. ಬಯಲಿನಲ್ಲಿ ಒಬ್ಬರೇ ನಡೆಯುವಾಗ ಮಾಸ್ಕ್ ಅಗತ್ಯವಿಲ್ಲ ಎಂಬುದು ನನ್ನ ನಿಲುವು. ಅದರಲ್ಲೂ ಉಸಿರಾಟದ ತೊಂದರೆ ಇರುವ ಹಿರಿಯರು ಮಾಸ್ಕ್ ಹಾಕಿ ಬಿರುಸಾಗಿ ನಡೆದು ಏದುಸಿರು ಬಿಡುವುದು ಬೇಡ. ಜೇಬಿನಲ್ಲಿರಲಿ, ಅಂಗಡಿ ಹೊಕ್ಕಾಗ ಹಾಕಿಕೊಳ್ಳಲಿ. ಕಡ್ಡಾಯ ಎಂಬ ಆದೇಶ ಇದ್ದರೆ ಮಾತ್ರ ಹಾಕಿಕೊಂಡು ನಿಧಾನವಾಗಿ ನಡೆಯಲಿ.

ಪಾರ್ಕಿನಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ನಡಿಗೆ ಮುಗಿದ ಮೇಲೆ. ವೃತ್ತವಾಗಿ ನಿಂತು ಜೋರಾಗಿ ನಗುವ ನಗೆಕೂಟ, ಭಜನೆ, ರಭಸದ ಪ್ರಾಣಾಯಾಮ, ಇವುಗಳಲ್ಲಿ ಉಸಿರು ಬಲವಾಗಿ, ಎದುರಾಎದುರಾಗಿ, ತುಂಬ ಹೊತ್ತು ಹೊರಬರುತ್ತದೆ. ಆ ಹಾಡಿನ ತಂಡದ ಕತೆ ನೆನಪಿರಲಿ. ಬಯಲಿನಲ್ಲಿ ಅಪಾಯ ಅಷ್ಟಿರದಿದ್ದರೂ ಇವನ್ನು ಕೆಲ ತಿಂಗಳು ಬಿಡುವುದು ಒಳ್ಳೆಯದು. ವಾಕಿಂಗ್ ಮುಗಿಸಿ ದರ್ಶಿನಿಯೊಳಗೆ ಮೇಜಿಗೊರಗಿ ಬೈಟು ಕಾಫಿ ಕುಡಿಯುತ್ತಾ ಅರ್ಧ ಗಂಟೆ ಹರಟುವುದೂ ಹಾಗೆಯೇ. ಆದರೆ ಗೆಳೆಯರನ್ನೇ ಬಿಡಿಸಬೇಡಿ. ನಿಮ್ಮ ತಂದೆಯವರ ವಯಸ್ಸಿನ ಗಂಡಸರಿಗೆ ಮನೆಯ ಹೊರಗಿನ ಬಳಗ ಎಂದರೆ ಎಷ್ಟೋ ಸಲ ಆ ಬೆಳಗಿನ ಬಳಗವೊಂದೇ. ಹೆಂಗಸರಿಗೆ ದಿನದಲ್ಲಿ ತಮ್ಮದೇ ಎಂದು ಸಿಗುವುದು ಆ ಮುಕ್ಕಾಲು ಗಂಟೆ ಮಾತ್ರ. ಇಬ್ಬರು ಗೆಳೆಯರು ಆರು ಅಡಿ ಅಂತರದಲ್ಲಿ ಪಕ್ಕಪಕ್ಕ ನಡೆಯುತ್ತಾ ಮಾತಾಡಲಿ, ಎದುರುಬದುರು ನಿಂತು ಬೇಡ. ಜ್ವರ, ಕೆಮ್ಮು, ಮೈಕೈನೋವು ಕಂಡ ದಿನ ಯಾರೂ ಹೊರಡಬಾರದು. ಅವರ ಕೋಣೆಯ ಕಿಟಕಿ ಮಾತ್ರ ತೆರೆದೇ ಇರಲಿ.

ಕೊನೆಗೆ ನಿಮ್ಮ ತಂದೆಯವರ ಇವತ್ತಿನ ಸ್ಥಿತಿ. ನೀವು ಕೇಳಿದ್ದು ಮುಂದಿನ ಸಾಂಕ್ರಾಮಿಕದ ಬಗ್ಗೆ, ನನಗೆ ಅದಕ್ಕಿಂತ ತುರ್ತಾಗಿ ಕಾಣುವುದು ಇದು. 76ಕ್ಕೆ ಕಾಲಿನ ಶಕ್ತಿ ಮರಳಿ ಬರುವುದಿಲ್ಲ ಎಂದುಕೊಳ್ಳಬೇಡಿ. ತೊಂಬತ್ತು ದಾಟಿದವರಲ್ಲೂ ವ್ಯಾಯಾಮದಿಂದ ಖಂಡ ಬಲಗೊಂಡದ್ದನ್ನು ಅಧ್ಯಯನಗಳು ತೋರಿಸಿವೆ. ಮೊದಲು ಮೂಳೆ ವೈದ್ಯರನ್ನು ಕಂಡು, ಎಷ್ಟು ಭಾರ ಹಾಕಬಹುದು ಎಂದು ಕೇಳಿಕೊಳ್ಳಿ. ಮೂಳೆಯ ಸಾಂದ್ರತೆ, ವಿಟಮಿನ್ ಡಿ, ಕಣ್ಣಿನ ಪೊರೆ ಮೂರನ್ನೂ ಪರೀಕ್ಷೆ ಮಾಡಿಸಿ. ಸಕ್ಕರೆಯ ಮಾತ್ರೆಯಿಂದ ಸಕ್ಕರೆ ಕುಸಿಯುವುದಾದರೆ ಬರಿಹೊಟ್ಟೆಯಲ್ಲಿ ನಡೆಸಬೇಡಿ. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ ಒಂದು ಸಣ್ಣ ಪರೀಕ್ಷೆ: ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ? 75ರಿಂದ 79 ವಯಸ್ಸಿನ ಗಂಡಸರಲ್ಲಿ ಅದು 11ಕ್ಕಿಂತ ಕಡಿಮೆ ಇದ್ದರೆ ಬೀಳುವ ಅಪಾಯ ಹೆಚ್ಚು. ಕೈ ಊರದೆ ಏಳಲು ಆಗದಿದ್ದರೆ ಅದನ್ನೇ ಮೊದಲ ಗುರಿ ಮಾಡಿಕೊಳ್ಳಿ. ಎತ್ತರದ ಕುರ್ಚಿಯಿಂದ, ಪಕ್ಕದಲ್ಲಿ ನೀವು ನಿಂತು, ದಿನಕ್ಕೆ ಎರಡು ಹೊತ್ತು ಐದೈದು ಸಲ. ಮಧ್ಯಾಹ್ನದ ಊಟವಾಗಿ ಅರ್ಧ ಗಂಟೆಗೆ ಹಜಾರದಲ್ಲಿ ಹತ್ತು ನಿಮಿಷ ನಡೆಸಿ, ಊಟದ ನಂತರ ಏರುವ ಸಕ್ಕರೆಗೆ ಅದು ನೇರ ಕೆಲಸ ಮಾಡುತ್ತದೆ. ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ತಟ್ಟೆಯಲ್ಲಿ ಹೆಚ್ಚಿರಲಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿಲ್ಲವಾದರೆ ಈ ವಾರವೇ ಹಾಕಿಸಿ. ಎರಡು ಮೂರು ತಿಂಗಳಲ್ಲಿ ಮನೆಯೊಳಗೆ ಕೋಲಿನ ಮೇಲಿನ ಭಾರ ಕಡಿಮೆಯಾದರೆ ಗೇಟಿನ ಹೊರಗೆ, ಪಕ್ಕದ ಮನೆಯ ತನಕ ಶುರು ಮಾಡಿ. ಲಾಲ್‌ಬಾಗ್‌ಗೆ ಕಾರಿನಲ್ಲಿ ಕರೆದೊಯ್ದು, ಸಮತಟ್ಟಾದ ದಾರಿಯಲ್ಲಿ ಒಂದು ಬೆಂಚಿನಿಂದ ಮುಂದಿನ ಬೆಂಚಿಗೆ ಮಾತ್ರ ನಡೆಸಿ. ಎದೆನೋವು, ತಲೆಸುತ್ತು ಅಥವಾ ಮಾತಾಡಲಾಗದಷ್ಟು ಏದುಸಿರು ಬಂದರೆ ತಕ್ಷಣ ಕೂರಿಸಿ ವೈದ್ಯರಿಗೆ ತಿಳಿಸಿ. ಅವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮತ್ತು ಮೂಳೆ ಸಾಂದ್ರತೆಯ ವರದಿ ಬಂದ ಮೇಲೆ ಬರೆಯಿರಿ, ನಡಿಗೆಯನ್ನು ಎಷ್ಟು ಹೆಚ್ಚಿಸಬಹುದು ಎಂದು ಆಗ ನಿಖರವಾಗಿ ಹೇಳುತ್ತೇನೆ.